ಕರಿಮಣ್ಣಿನ ಡಬ್ಬ

ಕಲೂರಿನ ಬಾಡಿಗೆ ಮಾಳಿಗೆಯಲ್ಲಿ ಸೌದಾಮಿನಿಗೆ ಎಲ್ಲವೂ ಇತ್ತು, ಗೇಣು ನೆಲ ಒಂದನ್ನು ಬಿಟ್ಟು. ಕಾಸರಗೋಡಿನವಳಿಗೆ ಬಸಳೆ ಚಪ್ಪರವಿಲ್ಲದ ಮನೆ ಮನೆಯೇ ಅಲ್ಲ. ೧೯೭೨ರಲ್ಲಿ ಗಂಡನ ಕಚೇರಿಯವರ ಗೃಹನಿರ್ಮಾಣ ಸಂಘ ಏಲೂರಿನಲ್ಲಿ ಮುಚ್ಚಿಹೋದ ಬಣ್ಣದ ಕಾರ್ಖಾನೆಯೊಂದರ ಜಾಗ ನೋಡಿದಾಗ ಅವಳು ಮನಸ್ಸಿನಲ್ಲೇ ಚಪ್ಪರಕ್ಕೆ ಕಂಬ ನೆಟ್ಟುಬಿಟ್ಟಳು.

ನೆಲದಲ್ಲಿ ವಿಷವಿಲ್ಲವೆಂದು ತಿರುವನಂತಪುರದ ಪ್ರಯೋಗಾಲಯ ಹೇಳಿದರೆ ಮಾತ್ರ ಮನೆ. ಗಂಡ ರಘುರಾಮ ಎಂಜಿನಿಯರ್. ಜಾಗದ ಮೂಲೆಮೂಲೆಯ ಮಣ್ಣನ್ನು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿ ತಂದು, ಮರುದಿನದ ರೈಲಿಗೆಂದು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದ.

ಅದೇ ದಿನ ತವರಿನಿಂದ ಬಸಳೆ ಬಳ್ಳಿಯ ತುಂಡು ಬಂದಿತ್ತು, ಅಡಿಕೆ ಹಾಳೆಯಲ್ಲಿ ಕೆಂಪು ಮಣ್ಣಿನ ಸಮೇತ. ಸೌದಾಮಿನಿ ಒಂದು ಡಬ್ಬದ ಮುಚ್ಚಳ ತೆಗೆದು ನೋಡಿದಳು. ಎಣ್ಣೆ ಹಚ್ಚಿದ ತಲೆಯ ಹಾಗೆ ಮಿರುಗುವ ಕರಿಮಣ್ಣು! ಇಂಥ ಮಣ್ಣು ರೈಲು ಹತ್ತಿ ಹೋಗುವುದು ಯಾವ ನ್ಯಾಯ? ಅದನ್ನು ಕುಂಡಕ್ಕೆ ಸುರಿದು ಬಳ್ಳಿ ಊರಿದಳು. ಆದರೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಅಜ್ಜಿ ಕಲಿಸಿದ್ದರು. ತುಂಡು ಬೆಲ್ಲವಾದರೂ ಹಾಕದೆ ನೆರೆಯವರ ಪಾತ್ರೆ ಕೊಟ್ಟವಳಲ್ಲ ಅವಳು. ಖಾಲಿ ಡಬ್ಬಕ್ಕೆ ತವರಿನ ಕೆಂಪು ಮಣ್ಣು ತುಂಬಿ, ಧರ್ಮ ಉಳಿಸಿದ ನೆಮ್ಮದಿಯಲ್ಲಿ ಅಡುಗೆಮನೆಗೆ ನಡೆದಳು.

ವರದಿ ಬಂತು: ನೆಲ ಚೊಕ್ಕ. ಸಂಘದ ಅಧ್ಯಕ್ಷ ಶ್ರೀಪತಿರಾಯರು ಎಲ್ಲರಿಗೂ ಪಾಯಸ ಹಾಕಿಸುತ್ತೇನೆಂದರು. ಅಷ್ಟರಲ್ಲಿ ಬಸಳೆಯ ಎಲೆಗಳು ಸುಟ್ಟಂತೆ ಕಪ್ಪಾಗಿ ಉದುರಿದ್ದವು. ಎಸೆದಲ್ಲಿ ಚಿಗುರುವ ಬಳ್ಳಿ ಅದು. ಹಾಗಾದರೆ ವಿಷ ಇದ್ದದ್ದು ಕುಂಡದ ಆ ಕರಿಮಣ್ಣಿನಲ್ಲೇ ಎಂದು ಸೌದಾಮಿನಿಗೆ ಹೊಳೆಯಿತು. ಹೇಳಿದರೆ ಮನೆ ಹೋದೀತು; ಹೇಳದಿದ್ದರೆ ಮಕ್ಕಳು ಆ ಮಣ್ಣಿನಲ್ಲೇ ಆಡುತ್ತವೆ. ಅವಳಿಗೆ ಅಳುವೇ ಬಂತು.

ಊಟಕ್ಕೆ ಬಡಿಸುತ್ತಾ ಹೇಳಿಯೇಬಿಟ್ಟಳು. "ಇಕೊಳ್ಳಿ, ನಿಮ್ಮ ಒಂದು ಡಬ್ಬದಲ್ಲಿ ಹೋದದ್ದು ಏಲೂರಿನ ಮಣ್ಣಲ್ಲ. ನಮ್ಮ ಅಮ್ಮನ ಹಿತ್ತಿಲಿನದ್ದು."

ರಘುರಾಮ ತುತ್ತು ಕೈಯಲ್ಲೇ ಹಿಡಿದು ಕೂತ. "ಎಂತದು ಮಾರಾಯ್ತಿ? ಯಾಕೆ?"

"ನನಗೆ ಕರಿಮಣ್ಣು ಬೇಕಿತ್ತು. ಮತ್ತೆ ಡಬ್ಬ ಖಾಲಿ ಇಡ್ಲಿಕ್ಕೆ ಆಗ್ತದಾ?"

ಅವನಿಗೆ ಸಿಟ್ಟು ಬರಬೇಕಿತ್ತು, ನಗು ಮೊದಲು ಬಂತು. "ಅಂತೂ ನಿನ್ನ ಅಮ್ಮನ ಹಿತ್ತಿಲಿಗೆ ಸರಕಾರಿ ಸರ್ಟಿಫಿಕೇಟ್ ಸಿಕ್ಕಿತು."

ಮತ್ತೆ ಮಣ್ಣು ತೆಗೆದು ಕಳಿಸಿದರು. ವಿಷವಿದ್ದದ್ದು ಬಣ್ಣದ ತೊಟ್ಟಿಗಳಿದ್ದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಆಳೆತ್ತರ ಅಗೆದು, ಕೆಟ್ಟ ಮಣ್ಣನ್ನು ದೂರ ಸಾಗಿಸಿ, ಹೊಸ ಮಣ್ಣು ತುಂಬಿ, ಅದನ್ನೂ ಪರೀಕ್ಷೆ ಮಾಡಿಸುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಗೊಣಗಿದವರಲ್ಲಿ ಶ್ರೀಪತಿರಾಯರೇ ಮೊದಲಿಗರು. ಅವರ ಪಾಯಸದ ಮಾತೂ ಅಲ್ಲಿಗೇ ನಿಂತಿತು.

ಸೈಟು ಹಂಚುವ ದಿನ ಆ ಮೂಲೆ ಯಾರಿಗೂ ಬೇಡವಾಯಿತು. ಸೌದಾಮಿನಿ ಎದ್ದು ನಿಂತಳು.

"ಅದು ನಮಗಿರಲಿ. ಉಳಿದವರ ಮಣ್ಣು ಹಳೇದು, ಅಲ್ಲಿಯದು ಆಳೆತ್ತರ ಹೊಸತು."

ಒಳ್ಳೆಯ ಸೈಟು ಕೈತಪ್ಪಿತೆಂದು ಸಭೆಗೆ ಆಗ ತಿಳಿಯಿತು. ಗೊಣಗುವ ಸರದಿ ಈಗ ಬೇರೆ ಕಾರಣಕ್ಕೆ ಬಂತು.

ಮನೆ ಒಕ್ಕಲಾದ ವರ್ಷ ಬಸಳೆ ಚಪ್ಪರ ಮೀರಿ ಬೇಲಿಗೆ ಹಬ್ಬಿತು. ಸೌದಾಮಿನಿ ಶ್ರೀಪತಿರಾಯರ ಮನೆಗೆ ಒಂದು ಪಾತ್ರೆ ಬಸಳೆ ಹುಳಿ ಕಳಿಸಿದಳು. ಸಂಜೆ ರಾಯರೇ ಪಾತ್ರೆ ಹಿಡಿದುಕೊಂಡು ಬಂದರು. ಅದರ ತುಂಬ ಪಾಯಸವಿತ್ತು.