ಹಳಿಯ ಈಚೆ, ಹಳಿಯ ಆಚೆ

ದೊಡ್ಡಾಸ್ಪತ್ರೆಯ ಬಾಗಿಲು ಕಾಯುವವನು ಅವಳಿಗೆ ಬಾತುಕೋಳಿ ಎಂದು ಹೆಸರಿಟ್ಟಿದ್ದ. "ಬಂತಪ್ಪಾ ಬಾತುಕೋಳಿ, ಮರಿಗಳ ಸಮೇತ!" ಅವಳ ಬೆನ್ನ ಹಿಂದೆ ಸಾಲಾಗಿ ಬರುತ್ತಿದ್ದ ಮರಿಗಳಲ್ಲಿ ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕಿಡ್ನಿ ಕೈಕೊಟ್ಟಿದೆ, ಮತ್ತೊಬ್ಬಳು ತುಂಬು ಬಸುರಿ. ನಗು ಯಾರಿಗೂ ಬರುತ್ತಿರಲಿಲ್ಲ. ಆದರೂ ನಗುತ್ತಿದ್ದರು. ಬಾಗಿಲು ಅವನ ಕೈಯಲ್ಲಿತ್ತಲ್ಲ.

ಅವಳ ಕೆಲಸದ ಹೆಸರು ಜೊತೆಗಾತಿ. ಬಡವರು ಆಸ್ಪತ್ರೆಯವರೆಗೆ ಬಂದೂ ಚಿಕಿತ್ಸೆ ಮುಗಿಸದೆ ಹಿಂತಿರುಗುವುದು ಏಕೆಂದು ಸಂಶೋಧನೆ ನಡೆಸುತ್ತಿದ್ದ ಒಂದು ಸಂಸ್ಥೆ ಅವಳನ್ನೂ ಇನ್ನು ಕೆಲವು ಹೆಂಗಸರನ್ನೂ ನೇಮಿಸಿಕೊಂಡಿತ್ತು. ಚೀಟಿಯ ಕಿಟಕಿಯವನು ಮಹಡಿಗೆ ಕಳಿಸುತ್ತಿದ್ದ, ಮಹಡಿಯವರು ನೆಲಮಾಳಿಗೆಗೆ, ನೆಲಮಾಳಿಗೆಯವರು ನಾಳೆಗೆ. ನಾಳೆ ಬಂದರೆ ಇನ್ನೊಂದು ದಿನದ ಕೂಲಿಗೆ ಕತ್ತರಿ. ನಾಡಿದ್ದು ಯಾರೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬರು ನಡೆದರೆ, ಡಾಕ್ಟರು ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡು ಹೇಳಿದ್ದನ್ನು ಇತ್ತ ತಿರುಗಿ ಹೇಳಿದರೆ, ಈ ಜನ ಉಳಿಯುತ್ತಾರೆಯೇ? ಅದು ಸಂಸ್ಥೆಯ ಪ್ರಶ್ನೆ. ಸಂಸ್ಥೆಯ ಮಾತಿನ ಮೇಲೆ ಆಸ್ಪತ್ರೆ ಜೊತೆಗಾತಿಯರನ್ನು ಒಳಗೆಲ್ಲ ಓಡಾಡಲು ಬಿಟ್ಟಿತ್ತು.

ಒಂದೇ ಒಂದು ಕಟ್ಟುನಿಟ್ಟು. ಸಂಸ್ಥೆ ಆಯ್ದುಕೊಂಡ ಬಡಾವಣೆಯ ನಡುವೆ ರೈಲು ಹಳಿ ಹಾದುಹೋಗಿತ್ತು. ಹಳಿಯ ಈಚೆಯವರಿಗೆ ಜೊತೆಗಾತಿ ಉಂಟು, ಆಚೆಯವರಿಗೆ ಇಲ್ಲ. ಕೊನೆಗೆ ಎರಡೂ ಕಡೆಯವರನ್ನು ಹೋಲಿಸಿ ನೋಡುವುದು.

"ಆಚೆ ಕಡೆಯವರು ಬಂದು ಕೇಳಿದ್ರೆ ಏನ್ ಹೇಳೋದು ಮೇಡಂ?" ಎಂದು ಅವಳು ತರಬೇತಿಯಲ್ಲಿ ಕೇಳಿದ್ದಳು.

ಸಂಶೋಧನೆಯ ಮುಖ್ಯಸ್ಥೆಯನ್ನು ಎಲ್ಲರೂ ಬರೀ ಮೇಡಂ ಅನ್ನುತ್ತಿದ್ದರು. "ಈಗ ಆಗಲ್ಲ ಅನ್ನಿ. ವ್ಯತ್ಯಾಸ ಇದೆ ಅಂತ ತೋರಿಸಿಬಿಟ್ರೆ ಸರ್ಕಾರ ಎಲ್ಲಾ ಕಡೆಗೂ ಜೊತೆಗಾತಿಯರನ್ನ ಕೊಡುತ್ತೆ. ಅಲ್ಲಿವರೆಗೆ ಮನಸ್ಸು ಕಲ್ಲು ಮಾಡ್ಕೋಬೇಕು." ಹಾಗೆಂದ ಮೇಡಂ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಕಲ್ಲೇನೋ ಮಾಡಿಕೊಳ್ಳಬಹುದಿತ್ತು, ಆಚೆ ಬದಿಯಲ್ಲಿ ಚಿಕ್ಕಮ್ಮ ಇಲ್ಲದಿದ್ದರೆ.

ತಾಯಿ ಸತ್ತ ಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ. ರೈಲ್ವೆ ಗೇಟಿನ ಪಕ್ಕದ ತಗಡಿನ ಮಾಡಿನ ಕೆಳಗೆ ಇಸ್ತ್ರಿ ಮೇಜು, ಅದರ ಮುಂದೆ ಬೆಳಗಿನಿಂದ ನಿಂತೇ ಇರುವ ಕಾಲು. ಸಕ್ಕರೆ ಕಾಯಿಲೆ ಆ ಕಾಲಿಗೆ ಜೋಮು ಹಿಡಿಸಿ ಎಷ್ಟು ದಿನವಾಗಿತ್ತೋ. ಇಸ್ತ್ರಿಪೆಟ್ಟಿಗೆಯಿಂದ ಕೆಂಡ ಜಾರಿ ಹೆಬ್ಬೆರಳ ಬುಡಕ್ಕೆ ಬಿದ್ದಿದ್ದೇ ಗೊತ್ತಾಗಿರಲಿಲ್ಲ.

"ಸುಟ್ಟ ವಾಸನೆ ಬಂತು ಕಣೇ. ಅಯ್ಯೋ, ಯಾರದೋ ಅಂಗಿ ಸುಟ್ಟೆ ಅಂತ ಎದೆ ಧಸಕ್ ಅಂತು. ನೋಡಿದ್ರೆ ಅಂಗಿ ನೆಟ್ಟಗಿದೆ! ಸದ್ಯ ಅಂದ್ಕೊಂಡೆ."

"ಆಸ್ಪತ್ರೆಗೆ ಹೋಗಿದ್ಯಾ?"

"ಹೋಗಿದ್ದೆ. ಕಟ್ಟಡ ನೋಡ್ಕೊಂಡು ಬಂದೆ. ಚೆನ್ನಾಗಿ ಕಟ್ಟಿದಾರೆ."

ಗಾಯದ ಅಂಚು ಕಪ್ಪಾಗಿತ್ತು. ಅವಳು ಮರುದಿನವೇ ಚಿಕ್ಕಮ್ಮನನ್ನು ಮರಿಗಳ ಸಾಲಿನ ಕೊನೆಗೆ ಸೇರಿಸಿದಳು. ಬೆರಳು ಹೋಯಿತು, ಕಾಲು ಉಳಿಯಿತು. ತಪ್ಪದೆ ಬಂದು ಡ್ರೆಸಿಂಗ್ ಮಾಡಿಸಿಕೊಂಡರೆ ಮಾತ್ರ ಕಾಲು ಉಳಿದೀತು ಎಂದರು ಡಾಕ್ಟರು, ಕಂಪ್ಯೂಟರಿಗೆ.

ಇಸ್ತ್ರಿ ಅಂಗಡಿ ಎಂದರೆ ಊರ ಬಾಯಿ. ಬಟ್ಟೆ ಕೊಟ್ಟು ಹೋಗುವವರೆಲ್ಲ ಸುದ್ದಿಯನ್ನೂ ಮಡಿಸಿಕೊಂಡು ಹೋದರು. ಮೊದಲು ಪಕ್ಕದ ಮನೆಯ ಬಾಣಂತಿ ಬಂದಳು. ಆಮೇಲೆ ಕೆಮ್ಮಿ ಕೆಮ್ಮಿ ಎಲುಬಿನ ಗೂಡಾಗಿದ್ದ ಗಾರೆಯವನು. "ನಿಮ್ಮ ಚಿಕ್ಕಮ್ಮಂದು ಮಾತ್ರ ಜೀವಾನಾ, ನಮ್ದೇನು ತೆಂಗಿನ ನಾರಾ?" ಎಂದು ಅವನ ಹೆಂಡತಿ ಗೇಟಿನ ಹತ್ತಿರವೇ ಅಡ್ಡಗಟ್ಟಿ ಕೇಳಿದಳು. ಜೊತೆಗಾತಿ ಆ ಗಾರೆಯವನನ್ನೂ ಕರೆದುಕೊಂಡು ಹೋದಳು. ಹಾಗೆ ಒಬ್ಬರ ಹಿಂದೆ ಒಬ್ಬರು. ತನ್ನ ಬದಿಯವರನ್ನು ಬಿಡದೆ, ಆಚೆಯವರನ್ನೂ ತಳ್ಳದೆ, ಅವಳು ಕಾರಿಡಾರುಗಳಲ್ಲಿ ಓಡಿದಳು. ಅಷ್ಟು ಸುಸ್ತನ್ನೂ ಅಷ್ಟು ಸುಖವನ್ನೂ ಅವಳು ಹಿಂದೆಂದೂ ಕಂಡಿರಲಿಲ್ಲ.

ಯಾರು ಚಿಕಿತ್ಸೆ ಮುಗಿಸಿದರೆಂದು ಮನೆಮನೆಗೆ ಹೋಗಿ ಎಣಿಸುವ ಸಿಬ್ಬಂದಿ ಬೇರೆ ಇದ್ದರು. ಅವರಿಗೆ ಜೊತೆಗಾತಿಯರ ಮುಖ ಪರಿಚಯವಿರಕೂಡದು ಎಂಬುದೂ ನಿಯಮವೇ.

ಫಲಿತಾಂಶದ ದಿನ ಮೇಡಂ ಎಲ್ಲ ಜೊತೆಗಾತಿಯರನ್ನು ಕೂರಿಸಿಕೊಂಡು ಗೋಡೆಯ ಮೇಲೆ ಎರಡು ಗೆರೆ ತೋರಿಸಿದರು. ನೀಲಿಯದು ಈಚೆ ಬದಿ, ಕೆಂಪು ಆಚೆ ಬದಿ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಎರಡೂ ಪಕ್ಕಪಕ್ಕದಲ್ಲೇ ಮೇಲೇರಿದ್ದವು.

"ಎರಡೂ ಕಡೆ ಜನ ಚಿಕಿತ್ಸೆ ಮುಗಿಸ್ತಿದಾರೆ. ಸಂತೋಷ. ಆದ್ರೆ ಅದು ನಿಮ್ಮಿಂದ ಅಂತ ಹೇಳೋಕಾಗಲ್ಲ." ಮೇಡಂ ಪೆನ್ನಿನ ಮುಚ್ಚಳ ಮುಚ್ಚಿದರು. "ಆಸ್ಪತ್ರೆನೇ ಸುಧಾರಿಸಿರಬೇಕು, ಜೊತೆಗಾತಿಯರ ಅಗತ್ಯ ಇಲ್ಲ ಅಂತಿದಾರೆ ದುಡ್ಡು ಕೊಡೋರು. ಈ ತಿಂಗಳಿಗೆ ಮುಗೀತು."

ಅವಳು ಅಕ್ಕಪಕ್ಕ ನೋಡಿದಳು. ಒಬ್ಬಳು ಉಗುರು ಕಚ್ಚುತ್ತಿದ್ದಳು. ಇನ್ನೊಬ್ಬಳು ನೆಲದಲ್ಲಿ ಏನೋ ಕಳೆದುಕೊಂಡವಳಂತೆ ಹುಡುಕುತ್ತಿದ್ದಳು. ಯಾರೂ ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ಆಗ ಅವಳಿಗೆ ಹೊಳೆಯಿತು: ಆಚೆ ಬದಿಯಲ್ಲಿ ಇವರೆಲ್ಲರಿಗೂ ಒಬ್ಬೊಬ್ಬ ಚಿಕ್ಕಮ್ಮ ಇದ್ದಾಳೆ.

ಬಾಯಿ ಬಿಟ್ಟರೆ ಬಣ್ಣಗೇಡು. ಆದರೂ ಅವಳು ಮೇಡಂ ಕೋಣೆಗೆ ಹೋಗಿ ಬಾಯಿ ಬಿಟ್ಟಳು. ಉಳಿದವರ ಸುದ್ದಿ ಎತ್ತಲಿಲ್ಲ, ತನ್ನದಷ್ಟನ್ನೇ ಹೇಳಿದಳು. ಮೇಡಂ ಮೊದಲು ನಕ್ಕರು. ನಗು ಎಲ್ಲಿ ನಿಲ್ಲಿಸಬೇಕೋ ತಿಳಿಯದವರಂತೆ ಸ್ವಲ್ಪ ಹೊತ್ತು ನಕ್ಕು, ಆಮೇಲೆ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು.

"ಮನೆಮನೆಗೆ ಹೋಗಿ ಕೇಳಿಸಿದೀವಲ್ಲಮ್ಮ. ಆಚೆ ಕಡೆ ಒಬ್ಬರೂ ನಿಮ್ಮ ಹೆಸರೆತ್ತಿಲ್ಲ. ನಾವೇ ಹೋಗಿದ್ವಿ ಅಂದಿದಾರೆ, ಎಲ್ರೂ."

"ನಾನ್ ಹೇಳ್ದೆ ಅಂತ ಬರೀರಿ ಮೇಡಂ. ನಿಜ ಏನಿದೆಯೋ ಅದನ್ನೇ ಬರೀರಿ."

"ಬರೀತೀನಿ. ಬರೆದ್ರೆ ಇಡೀ ಲೆಕ್ಕ ಕೆಟ್ಟಿದೆ, ತಿಪ್ಪೆಗೆ ಹಾಕಿ ಅಂತಾರೆ. ಬರೀದಿದ್ರೆ ಜೊತೆಗಾತಿಯರು ದಂಡ ಅಂತಾರೆ. ಎರಡರಲ್ಲಿ ಯಾವುದಾದ್ರೂ ನಿಮ್ಮ ಕೆಲಸ ಉಳಿಯಲ್ಲ."

"ಮತ್ತೆ ಮೊದಲಿಂದ ಮಾಡೋಣ."

"ಯಾರು ಮಾಡಿಸ್ತಾರೆ? ಒಂದ್ಸಲ ನೋಡಿ ಆಯ್ತು ಅಂತಾರೆ."

ಅವಳಿಗೆ ರೋಷ ಬಂತು. "ನಾನು ಕಲ್ಲಾಗಿದ್ದಿದ್ರೆ ನಮ್ ಚಿಕ್ಕಮ್ಮನ ಕಾಲು ಹೋಗ್ತಿತ್ತು ಮೇಡಂ!"

"ಹೌದು," ಎಂದರು ಮೇಡಂ. "ಹೋಗಿದ್ರೆ ನಾವು ಗೆಲ್ತಿದ್ವಿ."

ಆಡಿದ ಮಾತು ಇಬ್ಬರ ನಡುವಿನ ಮೇಜಿನ ಮೇಲೆ ಬಿದ್ದುಕೊಂಡಿತ್ತು. ತೆಗೆಯಲು ಇಬ್ಬರೂ ಕೈ ಚಾಚಲಿಲ್ಲ. ಮೇಡಂ ಎದ್ದು ಕಿಟಕಿಯ ಕಡೆ ತಿರುಗಿದರು. ಅವರ ಬೆನ್ನು ಅಲುಗುತ್ತಿತ್ತು. ಅವಳಿಗೆ ಆ ಬೆನ್ನಿನ ಮೇಲೆ ಕೈಯಿಡಬೇಕೆನ್ನಿಸಿತು, ಇಡಲಿಲ್ಲ.

ತಿಂಗಳ ಕೊನೆಯ ಸಂಜೆ ಹಳಿ ದಾಟಿದಳು. ಇಸ್ತ್ರಿ ಮೇಜಿನ ಸುತ್ತ ಜನ ಸೇರಿದ್ದರು. ಬಾಣಂತಿ ಮಗುವನ್ನೆತ್ತಿಕೊಂಡು ಬಂದಿದ್ದಳು. ಗಾರೆಯವನೂ ಬಂದಿದ್ದ, ಅವನ ಕೆನ್ನೆ ತುಂಬಿಕೊಂಡಿತ್ತು, ಔಷಧಿ ಇನ್ನೂ ಅರ್ಧ ಬಾಕಿಯಿತ್ತು.

"ನಾಳೆಯಿಂದ ನಾನು ಬರಲ್ಲ. ಕೆಲಸ ನಿಂತುಹೋಯ್ತು. ಇನ್ಮೇಲೆ ನನ್ನನ್ನೂ ಒಳಗೆ ಬಿಡಲ್ಲ."

ಗಾರೆಯವನ ಹೆಂಡತಿಯೇ ಮೊದಲು ಬಾಯ್ತೆರೆದಳು. "ಯಾವ ಬಾಯಿಹರುಕರು ಚಾಡಿ ಹೇಳಿದ್ರು? ನಾವಂತೂ ಅಲ್ಲಮ್ಮ! ಎಣಿಸೋರು ಬಂದು ಹಿಂದೆಮುಂದೆ ತಿರುಗಿಸಿ ಕೇಳಿದ್ರು, ಯಾರು ಕರ್ಕೊಂಡ್ ಹೋದ್ರು, ಯಾರು ಕರ್ಕೊಂಡ್ ಹೋದ್ರು ಅಂತ. ಯಾರೂ ಇಲ್ಲ ಸ್ವಾಮಿ, ನಮ್ಮ ಕಾಲೇ ನಮ್ಮನ್ನ ಕರ್ಕೊಂಡ್ ಹೋಯ್ತು ಅಂದೆ." ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಬಾಣಂತಿ ಹೇಳಿದಳು, "ನಿನ್ನ ಅನ್ನಕ್ಕೆ ಕಲ್ಲು ಹಾಕ್ತೀವೇನಕ್ಕಾ?"

ಅವರ ಮುಖಗಳಲ್ಲಿದ್ದ ಹೆಮ್ಮೆಯನ್ನು ಅವಳು ನೋಡಿದಳು. ನೀವು ನಿಜ ಹೇಳಿದ್ದರೆ ಚೆನ್ನಾಗಿತ್ತು ಎನ್ನಲು ನಾಲಿಗೆ ಏಳಲಿಲ್ಲ. ನಿಜ ಹೇಳಿದ್ದರೂ ಅವಳನ್ನು ಅಂದೇ ಮನೆಗೆ ಕಳಿಸುತ್ತಿದ್ದರು.

"ಗೊತ್ತು," ಎಂದಳು. "ನಿಮ್ಮಿಂದ ಅಲ್ಲ."

ಜನ ಕರಗಿದ ಮೇಲೆ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಳು. ಎಡಗಾಲಿನ ಬ್ಯಾಂಡೇಜು ಬೆಳ್ಳಗಿತ್ತು. ಬಲಗಾಲನ್ನು ಮಾತ್ರ ಸ್ಟೂಲಿನ ಕೆಳಗೆ ಸರಿಸಿಕೊಂಡಳು.

"ಆ ಕಾಲು ತೋರ್ಸು."

"ಏನಿಲ್ಲ ಹೋಗೇ. ಚಪ್ಪಲಿ ಕಚ್ಚಿದೆ."

ಅವಳು ನೆಲದ ಮೇಲೆ ಕೂತು ಕಾಲನ್ನು ಎಳೆದುಕೊಂಡಳು. ಹಿಮ್ಮಡಿ ಬಿರಿದಿತ್ತು. ಬಿರುಕಿನೊಳಗೆ ಬೆರಳ ತುದಿ ಮುಟ್ಟಿಸಿದಳು. ಚಿಕ್ಕಮ್ಮ ಮುಂದಿನ ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಾ, "ತೋರ್ಸು ಅಂದ್ಯಲ್ಲ, ನೋಡಿದ್ಯಾ?" ಎಂದಳು. ಅವಳ ಬೆರಳು ಇನ್ನೂ ಆ ಬಿರುಕಿನೊಳಗೇ ಇತ್ತು.