ಆರು ಪ್ರಶ್ನಾರ್ಥಕ ಚಿಹ್ನೆಗಳು

ನಾನು ಒಂದು ಕಂಪ್ಯೂಟರಿನ ಪರದೆ. ಈಗಿನವುಗಳಂತೆ ತೆಳ್ಳಗಿಲ್ಲ, ಬೆನ್ನು ದಪ್ಪ, ಗಾಜು ಭಾರ. ಕಾರ್ಖಾನೆಯಲ್ಲಿ ನನ್ನ ಗಾಜಿನೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಬೆಳಕು ಸರಿಯಾಗಿ ಬೀಳುತ್ತದೆಯೇ ಎಂದು ನೋಡಿ, ಥರ್ಮಾಕೋಲಿನಲ್ಲಿ ಹುದುಗಿಸಿ ಕಳಿಸಿದರು. ಪೆಟ್ಟಿಗೆ ತೆರೆದದ್ದು ೧೯೯೬ರಲ್ಲಿ, ಗದಗಿನ ಒಂದು ಚಿಕ್ಕ ಮುದ್ರಣಾಲಯದಲ್ಲಿ.

ಮೊದಲು ಕಂಡ ಮುಖ ಮಾಲೀಕ ಚನ್ನವೀರಪ್ಪನದು. ಇಪ್ಪತ್ತು ವರ್ಷ ಸೀಸದ ಅಚ್ಚುಮೊಳೆಗಳನ್ನು ಜೋಡಿಸಿದವನು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಅಕ್ಷರವೇ ಬೆರಳಿಗೆ ಬರುತ್ತಿತ್ತಂತೆ. ನನ್ನೆದುರು ಮಾತ್ರ ಆ ಬೆರಳುಗಳು ತಡವರಿಸಿದವು. ಕಪ್ಪು ತೆರೆಯ ಮೇಲೆ ಮಿಣುಕುವ ಗೆರೆಯನ್ನು ನೋಡಿ, "ಇದು ನನ್ನ ಅಣಕಸಾಕತ್ತೈತಿ" ಎಂದು ಎದ್ದುಬಿಟ್ಟ. ಆ ಕುರ್ಚಿಯಲ್ಲಿ ಅವನ ಹೆಂಡತಿ ಕಸ್ತೂರಿ ಕುಳಿತಳು.

ಅವಳು ಡಾಸ್‌ನ ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಆಮೇಲೆ ವಿಂಡೋಸ್ ಬಂತು. ನನ್ನ ಮೈತುಂಬ ಚಿಕ್ಕ ಚಿಕ್ಕ ಚಿತ್ರಗಳು, ಅವುಗಳ ಹಿಂದೆ ಮಗಳು ದಾನೇಶ್ವರಿಯ ಫೋಟೋ. ಕನ್ನಡ ಬರೆಯಲು ಒಂದು ತಂತ್ರಾಂಶವಿತ್ತು. ಕಂಪ್ಯೂಟರಿನ ಬೆನ್ನಿಗೆ ಬೆರಳುದ್ದದ ಬೀಗವೊಂದನ್ನು ಸಿಕ್ಕಿಸಿದರೆ ಮಾತ್ರ ಅದು ಅಕ್ಷರ ತೋರಿಸುತ್ತಿತ್ತು. ಆಗ ಎಲ್ಲ ತಂತ್ರಾಂಶಗಳಿಗೂ ಒಂದೇ ಕನ್ನಡವಿರಲಿಲ್ಲ. ಒಂದು ಬರೆದದ್ದನ್ನು ಇನ್ನೊಂದು ಓದುತ್ತಿರಲಿಲ್ಲ.

ಒಂದು ಚುನಾವಣೆಯ ಸಮಯ. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ಟೈಪು ಮಾಡುತ್ತಿದ್ದಳು.

"ಬ್ಯಾನಿ ತಡಕೊಳ್ಳಾಕ ಆಗವಲ್ದ್ರೀ."

"ಎರಡ ದಿನ ತಡಿ. ಈ ಕರಪತ್ರ ಮುಗೀಲಿ, ಹುಬ್ಬಳ್ಳಿಗೆ ಹೋಗೂಣು" ಎಂದ ಚನ್ನವೀರಪ್ಪ.

ಎರಡು ದಿನ ಎರಡು ವಾರವಾಯಿತು. ಹುಬ್ಬಳ್ಳಿಯ ವೈದ್ಯರು, ಇನ್ನಷ್ಟು ಬೇಗ ಬರಬೇಕಿತ್ತು ಎಂದರಂತೆ.

ತಿರುಗಿ ಬಂದ ಮೇಲೆ ಒಂದು ಮಧ್ಯಾಹ್ನ ಕಸ್ತೂರಿ ಗೋಡೆ ಹಿಡಿದುಕೊಂಡು ಬಂದು ನನ್ನೆದುರು ಕುಳಿತಳು. ಮಗಳಿಗೆ ಒಂದು ಪತ್ರ ಬರೆದಳು. ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನವೀರಪ್ಪ ಬಾಗಿಲಲ್ಲೇ ನಿಂತು, "ಪ್ರಿಂಟ್ ತಗೀಲೇನು?" ಎಂದು ಕೇಳಿದ.

"ಬ್ಯಾಡ್ರೀ. ಪ್ರಿಂಟ್ ಇದ್ರ ನೀವ ಓದ್ತೀರಿ. ಅಕಿ ದೊಡ್ಡಾಕಿ ಆದಮ್ಯಾಲೆ ಅಕೀನ ಓದ್ಲಿ."

ಇಪ್ಪತ್ತು ದಿನದೊಳಗೆ ಅವಳು ಹೋದಳು. ದಾನೇಶ್ವರಿಗೆ ಆಗ ಐದು ವರ್ಷ.

ಕೆಲವು ವರ್ಷಗಳ ಮೇಲೆ ಕಂಪ್ಯೂಟರಿನ ಪೆಟ್ಟಿಗೆ ಕೆಟ್ಟಿತು, ನಾನು ಉಳಿದೆ. ರಿಪೇರಿಯವನು ಹೊಸ ಪೆಟ್ಟಿಗೆ ತಂದು ಫೈಲುಗಳನ್ನು ಅದಕ್ಕೆ ಸಾಗಿಸಿದ. ಅದಾದ ಮೇಲೆ ಹಳೆಯ ಡಿಸ್ಕು ಮತ್ತೆ ತಿರುಗಲಿಲ್ಲ, ಮೂಲ ಪ್ರತಿ ಅದರೊಂದಿಗೇ ಹೋಯಿತು. ಆಪರೇಟಿಂಗ್ ಸಿಸ್ಟಮ್ ಹೊಸದು. ಬೀಗ ಸಿಕ್ಕಿಸಲು ಬೆನ್ನಲ್ಲಿ ಜಾಗವೇ ಇರಲಿಲ್ಲ. ಚನ್ನವೀರಪ್ಪ ಪತ್ರದ ಫೈಲು ತೆರೆದ. ಓದಲು ಅಲ್ಲ, ಇದೆಯೋ ಇಲ್ಲವೋ ನೋಡಲು. ನನ್ನ ತುಂಬ ಅರ್ಥವಿಲ್ಲದ ಗುರುತುಗಳು ಚೆಲ್ಲಿಕೊಂಡವು. ಅವನು ಗಾಬರಿಯಾಗಿ ಏನೇನೋ ಒತ್ತಿದ. ಕೆಲವು ಅಕ್ಷರಗಳು ನಷ್ಟವಾಗಬಹುದು, ಆದರೂ ಸೇವ್ ಮಾಡಲೇ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಮೂಡಿತು. ಅದರಲ್ಲಿ ಅವನಿಗೆ ಗೊತ್ತಿದ್ದದ್ದು 'ಸೇವ್' ಒಂದೇ. ಉಳಿಯಲಿ ಎಂದು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಗುರುತುಗಳು ಪ್ರಶ್ನಾರ್ಥಕ ಚಿಹ್ನೆಗಳಾದವು.

ದಾನೇಶ್ವರಿ ಹತ್ತನೆಯ ತರಗತಿ ಮುಗಿಸಿದಳು. ಅಪ್ಪ ಅಳುತ್ತ ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಅಮ್ಮ ಟೈಪು ಮಾಡಿದ್ದ ಹಳೆಯ ಲಗ್ನಪತ್ರಿಕೆಯೊಂದನ್ನು ಹುಡುಕಿ ತಂದಳು. ಅದರ ಫೈಲೂ ಇತ್ತು, ಅದರಲ್ಲಿ ಗುರುತುಗಳೆಲ್ಲ ಕೆಡದೆ ಉಳಿದಿದ್ದವು. ಅಚ್ಚಾದ ಅಕ್ಷರದ ಪಕ್ಕ ಗುರುತು ಇಟ್ಟು ಪಟ್ಟಿ ಮಾಡಿದರು. ಇದು 'ಕ', ಇದು 'ಮ'. ಚನ್ನವೀರಪ್ಪ ಮತ್ತೆ ಮೊಳೆ ಜೋಡಿಸುವವನಾದ. ಹದಿನೈದು ದಿನಗಳಲ್ಲಿ ಪತ್ರ ಬಹುಮಟ್ಟಿಗೆ ಎದ್ದು ನಿಂತಿತು. ಪ್ರಶ್ನಾರ್ಥಕಗಳಾಗಿ ಹೋದದ್ದು ಒತ್ತಕ್ಷರಗಳು, ಜೊತೆಗೆ 'ಇ', 'ಲ', 'ದಿ'ಯಂಥ ಕೆಲವು. ಅವುಗಳನ್ನು ಅಕ್ಕಪಕ್ಕದ ಅಕ್ಷರ ನೋಡಿ ತುಂಬಿದರು.

ಒಂದು ಸಾಲು ಮಾತ್ರ ಉಳಿಯಿತು. 'ಆಸ್ಪತ್ರೆಗೆ ತಡವಾಯಿತೆಂದು ನಿಮ್ಮ ಅಪ್ಪನ ಮೇಲೆ ನನಗೆ ಸಿಟ್ಟು'. ಮುಂದೆ ಆರು ಪ್ರಶ್ನಾರ್ಥಕಗಳು.

"ಸಿಟ್ಟು ಇಲ್ಲ ಅಂತ ಐತಪ್ಪಾ" ಎಂದಳು ಮಗಳು ಬೇಗನೆ.

ಅವನು ನನ್ನ ಗಾಜಿಗೆ ಬೆರಳು ಹಚ್ಚಿ ಎಣಿಸಿದ. "ಇಲ್ಲ ಅನ್ನಾಕ ಮೂರು ಸಾಕವ್ವಾ. 'ಇ', 'ಲ', ಕೆಳಗ ಒಂದು ಒತ್ತು. ಇಲ್ಲಿ ಆರು ಅದಾವು."

"ಮತ್ತೇನಿರಬೇಕು?"

ಅವನ ತುಟಿಗಳು ಅಲುಗಿದವು. ಆರು ಗುರುತಿಗೆ ಸರಿಯಾಗಿ ಕೂಡುವ ಪದ ಅವನಿಗೆ ಸಿಕ್ಕಿತ್ತು. "ಇಲ್ಲದಿಲ್ಲ" ಎಂದ. "ಸಿಟ್ಟು ಇಲ್ಲದಿಲ್ಲ. ಇರಬೇಕಾದ್ದ ಬಿಡು."

ಅಲ್ಲ ಚನ್ನವೀರಪ್ಪಾ. ಅಂದು ಅವಳು ಬರೆದದ್ದನ್ನು ಕಂಡವನು ನಾನೊಬ್ಬನೇ. 'ಇಲ್ಲ' ಎಂದು ಬರೆದಳು, ಕಣ್ಣೊರೆಸಿಕೊಂಡಳು, ನಡುವೆ ಜಾಗ ಬಿಡುವುದನ್ನು ಮರೆತು ಮತ್ತೊಮ್ಮೆ 'ಇಲ್ಲ' ಎಂದು ಬರೆದಳು. ಎರಡು ಸಲ ಇಲ್ಲ ಎಂದಿದ್ದಳು. ಅದನ್ನು ನಾನು ಹೇಗೆ ಹೇಳಲಿ?

ಮಗಳು ವಾದ ಮಾಡಿ ಸೋತಳು. ಅವನು ಆ ಪತ್ರ ಅಚ್ಚು ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆಮೇಲೆ ಅವನು ನಕ್ಕದ್ದನ್ನು ನಾನು ಕಾಣಲಿಲ್ಲ. ನನ್ನ ಬಣ್ಣ ಮಾಸಿತು, ತೆಳುವಾದ ಹೊಸ ಪರದೆ ಬಂತು. ಗುಜರಿಯವನು ಹೊರಗೆ ಕಾಯುತ್ತಿದ್ದಾಗ ಚನ್ನವೀರಪ್ಪ ಧೋತರದ ಚುಂಗಿನಿಂದ ನನ್ನ ಗಾಜು ಒರೆಸಿದ. ಬೆಳಕು ಆರಿದ ಗಾಜಿನಲ್ಲಿ ಕಂಡದ್ದು ಅವನದೇ ಮುಖ. ಅದನ್ನೇ ನೋಡುತ್ತ, "ತಪ್ಪಾತ ಕಸ್ತೂರಿ" ಎಂದ.

ಈಗ ಗುಜರಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದೇನೆ. ಅವನು ಹೋದ ವರ್ಷ ತೀರಿಕೊಂಡನೆಂದು ಗುಜರಿಯವನು ಯಾರಿಗೋ ಹೇಳುತ್ತಿದ್ದ. ಆ ಕಾಗದ ಜೇಬಿನಲ್ಲೇ ಇತ್ತಂತೆ.