ಕಿರುಬೆರಳಿನ ಗೀರು

ಮುಚ್ಚಿಕೊಂಡಿತು, ಇನ್ನೂ ಸೌಟು ನೂರು ಸುತ್ತು ತಿರುವಿಲ್ಲ, ಹಂಡೆಯ ಹಬೆಗೆ ಹಿಡಿದ ಎಡಗೈ ಕಿರುಬೆರಳಿನ ಗೀರು ಆಗಲೇ ಮುಚ್ಚಿಕೊಂಡಿತು, ಗೀರಿಕೊಂಡಿದ್ದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುವಷ್ಟು ನುಣ್ಣಗೆ — ಒಳ್ಳೆಯದೇ ಆಯಿತು, ಅಕ್ಕನಿಗೆ ಬೇಗ ಕುಡಿಸಬಹುದು, ಮಧ್ಯಾಹ್ನದ ಬಿಸಿಲು ಇನ್ನೂ ಎರಡನೆಯ ಕಪಾಟು ದಾಟಿಲ್ಲ. ಈ ಆಸ್ಪತ್ರೆಯ ಮದ್ದಿನ ಕೋಣೆಯಲ್ಲಿ ಗಡಿಯಾರವನ್ನು ಯಾರೂ ನಂಬುವುದಿಲ್ಲ, ಗಾಯ ಕೂಡಿಸುವ ಮದ್ದು ಹದಕ್ಕೆ ಬಂತೇ ಎಂದು ತಿಳಿಯಲು ಇರುವುದು ಒಂದೇ ದಾರಿ, ಒಲೆ ಹಚ್ಚುವಾಗ ಮದ್ದು ಕಾಯಿಸುವವಳು ತನ್ನ ಕಿರುಬೆರಳನ್ನು ಸೂಜಿಯಿಂದ ಗೀರಿಕೊಳ್ಳಬೇಕು, ಆಗಾಗ ಹಬೆಗೆ ಹಿಡಿಯಬೇಕು, ಗೀರು ಮುಚ್ಚಿದ ಕೂಡಲೇ ಹಂಡೆ ಇಳಿಸಬೇಕು, ಮಂತ್ರ ಗಿಂತ್ರ ಎಲ್ಲ ಆಮೇಲೆ. ಮೂವತ್ತೊಂದು ವರ್ಷದಿಂದ ಇದೇ ಬೆರಳು. ದೊಡ್ಡ ವೈದ್ಯರು ಹೊಸಬರನ್ನು ಕರೆತಂದು ತೋರಿಸುತ್ತಾರೆ, ಇವರ ಬೆರಳು ಹೇಳಿದ್ಮೇಲೆ ಮುಗೀತು, ಇನ್ನೇನೂ ನೋಡೋದು ಬೇಡ, ನಾನು ತಲೆ ತಗ್ಗಿಸಿ ಸೌಟು ತೊಳೆಯುತ್ತೇನೆ, ಒಳಗೊಳಗೇ ಬೀಗುತ್ತ, ಸುಳ್ಳೇಕೆ ಹೇಳಲಿ. ಅಕ್ಕನೂ ಹಾಗೆಯೇ, ಮಾತಾಡುವ ಕನ್ನಡಿಗಳನ್ನು ಅವಳಷ್ಟು ಚೆನ್ನಾಗಿ ರಿಪೇರಿ ಮಾಡುವವರು ಈ ಊರಲ್ಲಿ ಇನ್ನೊಬ್ಬರಿಲ್ಲ, ತೊದಲುವ ಕನ್ನಡಿ, ಮುನಿಸಿಕೊಂಡು ಬಾಯಿಬಿಡದ ಕನ್ನಡಿ, ಎಲ್ಲವನ್ನೂ ಮುದ್ದು ಮಾಡಿ ದಾರಿಗೆ ತರುತ್ತಾಳೆ, ಹನ್ನೊಂದು ದಿನದ ಹಿಂದೆ ಒಂದು ಮಾತ್ರ ಸಿಡಿದು ಅವಳ ಬಲ ಮಣಿಕಟ್ಟನ್ನು ಸೀಳಿತು, ಮೂರು ಸಲ ನಾನೇ ಕಾಯಿಸಿದ ಮದ್ದು ಕುಡಿದಳು, ಮೂರು ಸಲವೂ ಗಾಯ ಕೂಡಲಿಲ್ಲ, ಈಗ ಕಪ್ಪು ಮೊಣಕೈಯತ್ತ ಹತ್ತುತ್ತಿದೆ. ಇವತ್ತಿನದ್ದಕ್ಕೂ ಕೂಡ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಕೈ ತೆಗೀಬೇಕಾಗುತ್ತೆ, ನಿಮ್ಮ ಮದ್ದಿಂದೇನೂ ತಪ್ಪಿಲ್ಲಮ್ಮ, ಕನ್ನಡಿ ಗಾಯಾನೇ ಅಂಥದ್ದು, ಎಂದರು ದೊಡ್ಡ ವೈದ್ಯರು. ನಾನೂ ಹೂಂ ಅಂದೆ. ಅಕ್ಕ ನಕ್ಕಳು, ಇರ್ಲಿ ಬಿಡೇ, ಎಡಗೈಲೇ ನಿನ್ನ ಕಿವಿ ಹಿಂಡೋದು ಕಲೀತೀನಿ, ಎಂದು ಗೋಡೆಯ ಕಡೆ ಹೊರಳಿದಳು, ಹೆಗಲು ಅಲುಗುತ್ತಿತ್ತು.

ಇಕ್ಕಳ ಎಲ್ಲಿ, ಹಂಡೆ ಇಳಿಸಬೇಕು — ಮದ್ದು ಇನ್ನೂ ತೆಳ್ಳಗಿದೆಯಲ್ಲ, ಇರಲಿ, ಬೆರಳು ಹೇಳಿದ ಮೇಲೆ ಮುಗಿಯಿತು, ಬೆಳಿಗ್ಗೆ ಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಹೆಬ್ಬೆರಳು ಕುಯ್ದುಕೊಂಡೆ, ಚೆನ್ನಾಗಿಯೇ ಕುಯ್ದಿತ್ತು, ಹಲಗೆಯ ಮೇಲೆ ರಕ್ತ, ಬಟ್ಟೆ ಹುಡುಕಿ ತರುವಷ್ಟರಲ್ಲಿ ಸುತ್ತಿಕೊಳ್ಳಲು ಗಾಯವೇ ಇಲ್ಲ, ಏನಾಯ್ತೇ ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ, ಏನಿಲ್ಲ ಅಂದೆ, ನಿಜಕ್ಕೂ ಏನೂ ಇರಲಿಲ್ಲ — ಏನೂ ಇರಲಿಲ್ಲ. ಮನೆಯಲ್ಲಿ ಹಂಡೆ ಎಲ್ಲಿತ್ತು, ಹಬೆ ಎಲ್ಲಿತ್ತು. ಇಕ್ಕಳ ಕೆಳಗಿಡುತ್ತೇನೆ, ಮೆಲ್ಲಗೆ, ಸದ್ದಾಗದ ಹಾಗೆ. ಮೂವತ್ತೊಂದು ವರ್ಷದ ಹಬೆ ಎಲ್ಲಿಗೆ ಹೋಗಿರುತ್ತದೆ, ಗೋಡೆಗೆ ಹತ್ತಿದೆ, ಸೀರೆಗೆ ಹತ್ತಿದೆ, ನನ್ನ ಚರ್ಮಕ್ಕೆ ಹತ್ತದೆ ಇರುತ್ತದೆಯೇ, ನನ್ನ ಗೀರನ್ನು ಮುಚ್ಚುತ್ತಿರುವುದು ಹಂಡೆಯಲ್ಲ, ನಾನೇ, ಮದ್ದು ಬೇಯುವ ಮೊದಲೇ ನಾನು ಬೆಂದುಬಿಟ್ಟಿದ್ದೇನೆ. ಯಾವಾಗಿನಿಂದ? ಈಚೀಚೆಗೆ ಎಷ್ಟು ಬೇಗ ಕಾಯಿಸ್ತೀರಿ ಎಂದು ಎಲ್ಲರೂ ಹೊಗಳಿದ್ದು ಕಳೆದ ವರ್ಷ, ನನ್ನ ಮದ್ದು ಕುಡಿದ ಅಂಚೆಯಣ್ಣನ ಮುರಿದ ಕಾಲು ಸೊಟ್ಟಗೆ ಕೂಡಿದ್ದೂ ಆಗಲೇ, ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ ತಾಯಿ, ನನ್ನ ಹಣೆಬರಹ ಅಷ್ಟೇ, ಎಂದು ಅವನೇ ನನಗೆ ಸಮಾಧಾನ ಹೇಳಿ ಕುಂಟುತ್ತ ಹೋದ, ನಾನು ಹೇಳಿಸಿಕೊಂಡೆ.

ಅಂದಾಜಿನ ಮೇಲೆ ಇನ್ನಷ್ಟು ಕಾಯಿಸಿಬಿಡಲೇ, ಯಾರಿಗೂ ಗೊತ್ತಾಗುವುದಿಲ್ಲ — ಹದ ಮೀರಿದರೆ ಬರೀ ಕಹಿ ನೀರು, ಇನ್ನೊಂದು ಹಂಡೆಗೆ ಮದ್ದಿನ ಬೇರೂ ಇಲ್ಲ ಹೊತ್ತೂ ಇಲ್ಲ. ಬೇರೆ ಬೆರಳು ಬೇಕು, ಹಬೆ ತಾಕದ ಬೆರಳು. ಪಕ್ಕದ ಕೋಣೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವ ಗೋಂದಣ್ಣ ಇದ್ದಾನೆ, ನನಗಿಂತ ಹಿರಿಯ, ಹಬೆಗೆ ಸೀನು ಬರುತ್ತದೆಂದು ಒಂದು ದಿನವೂ ಹೊಸ್ತಿಲು ದಾಟಿದವನಲ್ಲ, ಅದಕ್ಕೆ ನಾನು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಸೌಟು ಬಿಡದೆ ಕಿಂಡಿಯಿಂದಲೇ ಕರೆಯುತ್ತೇನೆ, ಗೋಂದಣ್ಣ, ಸ್ವಲ್ಪ ಬಾರಣ್ಣ, ನಿನ್ನ ಬೆರಳು ಬೇಕು. ಯಾಕೆ, ನಿಂದಕ್ಕೇನಾಯ್ತು. ಹೇಳಿಬಿಟ್ಟರೆ ಇನ್ನು ನಾಳೆಯಿಂದ ಈ ಸೌಟು ನನ್ನದಲ್ಲ. ನಂದು ಸುಳ್ಳು ಹೇಳ್ತಿದೆ ಅಣ್ಣ. ಈಗ ಅವನು ಕುಹಕವಾಡಬೇಕು, ಆಡುವುದಿಲ್ಲ, ಕೈಯ ಅಂಟು ಒರೆಸಿಕೊಂಡು ಹೊಸ್ತಿಲು ದಾಟಿ ಬಂದು, ಮುಖ ಆ ಕಡೆ ತಿರುಗಿಸಿ ಬೆರಳು ನೀಡುತ್ತಾನೆ, ರಕ್ತ ನೋಡಿದ್ರೆ ನಂಗೆ ಆಗಲ್ಲ, ನೀನೇ ನೋಡ್ಕೋ, ಸೀನುತ್ತಾನೆ, ನಾನು ಗೀರಿ ಹಬೆಗೆ ಹಿಡಿಸುತ್ತೇನೆ.

ತಿರುವುತ್ತೇನೆ, ನೋಡುತ್ತೇನೆ. ಇದು ಈಗಲೇ ಮುಚ್ಚಿದರೆ ನನ್ನ ಬೆರಳು ನಿಜ, ಮದ್ದು ಸರಿ, ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ, ಆದರೆ ಸರಿಯಾದ ಮದ್ದಿಗೂ ಕೂಡದ ಅಕ್ಕನ ಕೈ ಹೋಗುತ್ತದೆ. ಮುಚ್ಚದಿದ್ದರೆ ಅಂಚೆಯಣ್ಣನ ಕಾಲು ನನ್ನ ತಪ್ಪು, ಇನ್ನೆಷ್ಟೋ ಜನರದ್ದು ನನ್ನ ತಪ್ಪು, ಅಕ್ಕನ ಹನ್ನೊಂದು ದಿನದ ನೋವು ನನ್ನದು, ಆದರೆ ಕೈ ಉಳಿದೀತು. ಮುಚ್ಚಬೇಡ, ಎನ್ನುತ್ತಿದ್ದೇನೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಮುಚ್ಚಬೇಡ, ನೂರೈವತ್ತು, ಕೆಂಪು ಗೆರೆ, ನನ್ನದು ಮುಚ್ಚಿದ ಸುತ್ತು ಆಗಲೇ ದಾಟಿತು, ಮುಗೀತೇನೇ ಎನ್ನುತ್ತಾನೆ ಗೋಂದಣ್ಣ, ಇಲ್ಲಣ್ಣ, ಇನ್ನೂರು, ಮದ್ದು ಈಗ ದಪ್ಪಗಾಗುತ್ತಿದೆ, ಇಷ್ಟು ದಪ್ಪ ನೋಡಿ ವರ್ಷವೇ ಆಗಿತ್ತು, ಕಣ್ಣು ಮಂಜಾದರೂ ಕಾಣುತ್ತಿದೆ, ಅವನ ಬೆರಳ ಮೇಲೆ ಕೆಂಪು ಗೆರೆ, ಇನ್ನೂರ ಹತ್ತು, ಗೆರೆ, ತೆರೆದೇ ಇದೆ, ತೆರೆದೇ ಇದೆ